ಸಹಾಯ ಬೇಕು: ಫ್ಲಟರ್ ಪ್ಲಗಿನ್‌ನಲ್ಲಿ ಬ್ಲೂಟೂತ್ ಪ್ರಿಂಟ್ ಅರ್ಧಕ್ಕೇ ನಿಲ್ಲುತ್ತಿದೆ
ಎಲ್ಲರಿಗೂ ನಮಸ್ಕಾರ. ಬಿಲ್ ಮುದ್ರಿಸೋ ಥರ್ಮಲ್ ಪ್ರಿಂಟರ್ ಒಂದರ ಜಾವಾ ಲೈಬ್ರರಿಯನ್ನು ಫ್ಲಟರ್ (ಮೊಬೈಲ್ ಆ್ಯಪ್ ಕಟ್ಟೋ ಟೂಲ್‌ಕಿಟ್) ಆ್ಯಪ್‌ನಿಂದ ಬಳಸೋಕೆ ಮೆಥಡ್ ಚಾನೆಲ್ (ಫ್ಲಟರ್ ಕೋಡ್ ಜಾವಾ ಕೋಡನ್ನು ಕರೆಯೋ ದಾರಿ) ಹಾಕಿ ಪ್ಲಗಿನ್ ಬರೀತಿದ್ದೇನೆ. ಆಂಡ್ರಾಯ್ಡ್ 12ರಿಂದ ಬೇಕಾದ ಬ್ಲೂಟೂತ್ ಕನೆಕ್ಟ್ ಅನುಮತಿಯನ್ನು ರನ್‌ಟೈಮ್‌ನಲ್ಲೇ ಕೇಳ್ತಿದ್ದೇನೆ, ಆ ತಲೆನೋವು ಮುಗೀತು. ಬರೀ ಅಕ್ಷರವಾದರೆ ಚೆನ್ನಾಗಿ ಬರುತ್ತೆ. 384 ಚುಕ್ಕಿ ಅಗಲದ ಲೋಗೊ ಕಳಿಸಿದರೆ ಮಾತ್ರ ಅರ್ಧ ಚಿತ್ರ ಮೂಡಿ ಪೇಪರ್ ಗಕ್ಕನೆ ನಿಲ್ಲುತ್ತೆ. ಮುಂದಿನ ಬಿಲ್ಲಿನ ಮೊದಲ ಸಾಲುಗಳು ಅಕ್ಷರದ ಬದಲು ಚುಕ್ಕಿ ಚುಕ್ಕಿಯಾಗಿ ಬೀಳುತ್ತವೆ, ಅಂದರೆ ಪ್ರಿಂಟರ್ ಇನ್ನೂ ಚಿತ್ರದ ಉಳಿದ ಬೈಟ್‌ಗಳಿಗೇ ಕಾಯುತ್ತಿದೆ!

ಕಳಿಸಿದ ಕೂಡಲೇ ಸಾಕೆಟ್ (ಪ್ರಿಂಟರ್ ಜೊತೆಗಿನ ಬ್ಲೂಟೂತ್ ಸಂಪರ್ಕ) ಮುಚ್ಚುತ್ತಿರೋದೇ ಎಡವಟ್ಟು ಅಂತ ನನ್ನ ಗುಮಾನಿ. ಬಾಕಿ ಡೇಟಾ ಹೊರತಳ್ಳೋಕೆ ಫ್ಲಶ್ ಕರೆದರೂ ಅಷ್ಟೇ. ಮುಚ್ಚೋ ಮುಂಚೆ 2 ಸೆಕೆಂಡ್ ಕಾಯಿಸಿದರೆ ಪೂರ್ತಿ ಬರುತ್ತೆ, ಆದರೆ ಅದು ತೇಪೆ ಕೆಲಸ. ಬಫರ್ (ಬಂದ ಡೇಟಾ ತಾತ್ಕಾಲಿಕವಾಗಿ ಇಡೋ ಜಾಗ) ಖಾಲಿಯಾಯಿತು ಅಂತ ಪ್ರಿಂಟರ್‌ನಿಂದಲೇ ತಿಳಿದುಕೊಳ್ಳೋದು ಹೇಗೆ? ಮಾಡಿದವರಿದ್ದರೆ ದಯವಿಟ್ಟು ಹೇಳಿ.