ಹನ್ನೆರಡು ದಿನವಾದರೂ ನಿಲ್ಲದ ಮುಟ್ಟು: ಕೊಯ್ಲು ಮುಗಿಯುವವರೆಗೆ ಕಾಯಬಹುದೇ?

ಕೇಳಿದವರು, ಸೋಮವಾರಪೇಟೆ

ನನಗೆ 43 ವರ್ಷ. ನಾಲ್ಕು ತಿಂಗಳಿಂದ ಮುಟ್ಟು ಹನ್ನೊಂದು, ಹನ್ನೆರಡು ದಿನ ಎಳೆಯುತ್ತಿದೆ. ಮೊದಲ ಮೂರು ದಿನ ಹೆಪ್ಪುಹೆಪ್ಪಾಗಿ ಹೋಗುತ್ತದೆ, ರಾತ್ರಿ ಎರಡು ಸಲ ಎದ್ದು ಪ್ಯಾಡ್ ಬದಲಿಸಬೇಕಾಗುತ್ತದೆ. ಅತ್ತೆಯವರು "ನಿಲ್ಲುವ ವಯಸ್ಸು, ಹೀಗೇ ಆಗುತ್ತದೆ" ಎನ್ನುತ್ತಾರೆ. ತೋಟದಲ್ಲಿ ಅರೇಬಿಕಾ ಕಾಫಿ ಹಣ್ಣಾಗಿದೆ, ಆಳು ಸಿಗುತ್ತಿಲ್ಲ. ಕೊಯ್ಲು ಮುಗಿಸಿಕೊಂಡು ಆಸ್ಪತ್ರೆಗೆ ಹೋದರೆ ಸಾಲದೇ? ಅನುಭವ ಇದ್ದವರು ದಯವಿಟ್ಟು ಹೇಳಿ.

ವಿರಾಜಪೇಟೆ ಕಡೆಯ ಅಕ್ಕ

ಸಾಲದು ತಂಗಿ. ನಾನೂ ಇದೇ ಮಾತು ಹೇಳಿಕೊಂಡು ಒಂದು ವರ್ಷ ಕಳೆದವಳು. ಅರೇಬಿಕಾ ಮುಗಿಯಲಿ ಎಂದೆ, ಆಮೇಲೆ ರೋಬಸ್ಟಾ, ಅದಾದ ಮೇಲೆ ಕರಿಮೆಣಸು. ಮೆಣಸು ಒಣಗಿಸಿ ಮೂಟೆ ಕಟ್ಟುವಷ್ಟರಲ್ಲಿ ಮಳೆ ಹಿಡಿಯಿತು, ಮರ ಬಿದ್ದು ರಸ್ತೆ ಮುಚ್ಚಿತು. ತೋಟದವರಿಗೆ ಬಿಡುವಿನ ತಿಂಗಳು ಎಂಬುದು ಯಾವುದಿದೆ?

ಮನೆಯಿಂದ ಕಣಕ್ಕೆ ಹೋಗುವ ಸಣ್ಣ ಏರು ಹತ್ತಲು ಎರಡು ಕಡೆ ನಿಲ್ಲುತ್ತಿದ್ದೆ. ಇನ್ನೊಂದು ವಿಷಯವನ್ನು ಯಾರಿಗೂ ಹೇಳಿರಲಿಲ್ಲ. ಅಕ್ಕಿ ಆರಿಸಲು ಮೊರ ಹಿಡಿದು ಕುಳಿತರೆ ಹಸಿ ಅಕ್ಕಿಯನ್ನು ಹಿಡಿಹಿಡಿಯಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ, ತಡೆಯಲು ಆಗುತ್ತಿರಲಿಲ್ಲ. ಮೈಯಲ್ಲಿ ಕಬ್ಬಿಣದ ಅಂಶ ಇಳಿದವರಿಗೆ ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ ತಿನ್ನುವ ಆಸೆ ಹುಟ್ಟುತ್ತದೆ ಎಂದು ಡಾಕ್ಟರು ಹೇಳಿದಾಗಲೇ ತಿಳಿದದ್ದು. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಆದರೂ ಇರಬೇಕು. ನನ್ನದು 6.4 ಇತ್ತು. ಎರಡು ಬಾಟಲಿ ರಕ್ತ ಕೊಟ್ಟ ಮೇಲೆಯೇ ಮುಂದಿನ ಮಾತು.

ಸ್ಕ್ಯಾನಿಂಗಿನಲ್ಲಿ ಗರ್ಭಕೋಶದ ಒಳಗೋಡೆಗೆ ಒಂದು ಗಡ್ಡೆ ಕಂಡಿತು, ಎರಡೂವರೆ ಸೆಂಟಿಮೀಟರ್. ಇಷ್ಟು ಚಿಕ್ಕದು ಇಷ್ಟು ರಕ್ತ ಹರಿಸಿತೇ ಎಂದು ನಂಬಲಾಗಲಿಲ್ಲ. ಇಂಥ ಗಡ್ಡೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಲ್ಲಿ ಬೆಳೆದಿದೆ ಎನ್ನುವುದು ಮುಖ್ಯವಂತೆ. ಹೊರಗೋಡೆಯ ದೊಡ್ಡ ಗಡ್ಡೆ ಎಷ್ಟೋ ಸಲ ಸುಮ್ಮನಿರುತ್ತದೆ, ಒಳಗಿನದು ಚಿಕ್ಕದಾದರೂ ಕಾಡುತ್ತದೆ. ಹೆಚ್ಚಿನವು ಕ್ಯಾನ್ಸರ್ ಅಲ್ಲ. ಮೊದಲು ನೋಡಿದ ಡಾಕ್ಟರು ಗರ್ಭಕೋಶವನ್ನೇ ತೆಗೆಸಿಬಿಡಿ ಎಂದರು. ನಾನು ಮೈಸೂರಿನಲ್ಲಿ ಇನ್ನೊಬ್ಬರನ್ನು ಕೇಳಿದೆ. ಅವರು ಹೊಟ್ಟೆ ಕುಯ್ಯದೆ, ಕೆಳಗಿನಿಂದಲೇ ಸಣ್ಣ ಕ್ಯಾಮೆರಾ ಹಾಕಿ ಗಡ್ಡೆಯನ್ನು ಮಾತ್ರ ತೆಗೆದರು. ಎಲ್ಲರಿಗೂ ಇದೇ ಹೊಂದುವುದಿಲ್ಲ, ಕೆಲವರಿಗೆ ಗರ್ಭಕೋಶ ತೆಗೆಯುವುದೇ ಸರಿ. ಆದರೆ ಬೇರೆ ದಾರಿ ಇದೆಯೇ ಎಂದು ಕೇಳುವ ಹಕ್ಕು ನಿನಗಿದೆ.

ಹೋಗುವಾಗ ಲೆಕ್ಕ ಬರೆದುಕೊಂಡು ಹೋಗು. "ಜಾಸ್ತಿ ಹೋಗುತ್ತದೆ" ಎಂದು ನಾನು ಹೇಳಿದ್ದಕ್ಕೂ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದ "ಮೂರನೆಯ ದಿನ ಹನ್ನೊಂದು ಪ್ಯಾಡ್" ತೋರಿಸಿದ್ದಕ್ಕೂ ಡಾಕ್ಟರು ಕೇಳಿದ ಪ್ರಶ್ನೆಗಳೇ ಬೇರೆಯಾದವು. ಏಳು ದಿನ ಮೀರುವುದು, ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ಹೆಪ್ಪು, ಒಂದೆರಡು ಗಂಟೆಗೇ ಪ್ಯಾಡ್ ನೆನೆಯುವುದು, ರಾತ್ರಿ ಬದಲಿಸಲು ಏಳುವುದು, ಇವುಗಳಲ್ಲಿ ಒಂದಿದ್ದರೂ ತೋರಿಸಬೇಕು. ನಿನಗೆ ಮೂರು ಈಗಾಗಲೇ ಇರುವಂತಿದೆ.

ಮಡಿಕೇರಿ, ನರ್ಸ್ ಕೆಲಸದಲ್ಲಿರುವವರು

ಮುಟ್ಟು ನಿಲ್ಲುವ ಮೊದಲು ಏರುಪೇರಾಗುವುದು ನಿಜ. ಆದರೆ ವಯಸ್ಸು ಎಂಬುದು ಉಳಿದ ಕಾರಣಗಳನ್ನೆಲ್ಲ ನೋಡಿದ ಮೇಲೆ ಹೇಳುವ ಮಾತು. ಥೈರಾಯ್ಡ್, ಗಡ್ಡೆ, ಗರ್ಭಕೋಶದ ಒಳಪದರ ದಪ್ಪವಾಗುವುದು, ಕಾಪರ್-ಟಿ, ರಕ್ತ ತೆಳುವಾಗಿಸುವ ಮಾತ್ರೆ, ಯಾವುದೂ ಇರಬಹುದು. ಗರ್ಭಿಣಿಯೇ ಎಂದು ಪರೀಕ್ಷಿಸಿದರೆ ಮುಜುಗರಪಡಬೇಡಿ, ಅದು ಎಲ್ಲರಿಗೂ ಮಾಡುವುದೇ. ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳುಹಿಸಬೇಕು ಎಂದರೆ ಹೆದರಿ ಬಿಟ್ಟುಬರಬೇಡಿ, ಮುಖ್ಯವಾಗಿ 45 ದಾಟಿದವರು. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ಕಂಡರೂ ತೋರಿಸಲೇಬೇಕು.

ಅಂಗಡಿಯಿಂದ ರಕ್ತ ನಿಲ್ಲುವ ಮಾತ್ರೆ ತಂದು ನುಂಗಬೇಡಿ. ಟ್ರಾನೆಕ್ಸಾಮಿಕ್ ಆಸಿಡ್ ಒಳ್ಳೆಯ ಔಷಧಿಯೇ, ಆದರೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರಿಗೆ ಅಪಾಯ.

ಗಂಟೆಗೊಂದು ಪ್ಯಾಡ್‌ನಂತೆ ಎರಡು ಮೂರು ಗಂಟೆ ನಿಲ್ಲದೆ ಹೋದರೆ, ತಲೆ ಸುತ್ತಿ ಬಿದ್ದರೆ, ಕುಳಿತಲ್ಲೇ ಏದುಸಿರು ಬಂದರೆ, ಗರ್ಭಿಣಿ ಇರಬಹುದೆಂಬ ಅನುಮಾನವಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಲೈನ್ ಮನೆಯ (ತೋಟದ ಕೂಲಿಯವರ ಸಾಲುಮನೆ) ಹೆಂಗಸರಿಗೂ ಇದನ್ನು ಹೇಳಿ. ಒಂದು ದಿನದ ಕೂಲಿ ಹೋಗುತ್ತದೆಂದು ತೀರಾ ನಿತ್ರಾಣರಾದ ಮೇಲೆ ಬರುವವರನ್ನು ನೋಡಿ ನನಗೆ ಸಂಕಟವಾಗಿದೆ.

ಕುಶಾಲನಗರದ ಒಬ್ಬ ತಾಯಿ

ನನ್ನ ಮಗಳಿಗೆ ಮೈನೆರೆದ ಮೊದಲ ತಿಂಗಳಿನಿಂದಲೇ ಹತ್ತು ದಿನ ಹೋಗುತ್ತಿತ್ತು. ಚಿಕ್ಕಂದಿನಲ್ಲಿ ಮೂಗಿನಿಂದ ರಕ್ತ ಬರುತ್ತಿದ್ದುದನ್ನು ಯಾರೋ ಕೇಳಿದಾಗ ನೆನಪಿಸಿಕೊಂಡೆವು. ಪರೀಕ್ಷೆಯಲ್ಲಿ ವಾನ್ ವಿಲ್ಲೆಬ್ರಾಂಡ್ ಎಂಬ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹುಟ್ಟುದೋಷ ಎಂದು ತಿಳಿಯಿತು. ಹೆಣ್ಣುಮಕ್ಕಳ ತಾಯಂದಿರು ಗಮನಿಸಿ.

ನಾಪೋಕ್ಲು

ಕಬ್ಬಿಣದ ಮಾತ್ರೆ ಕೊಟ್ಟರೆ ಕಾಫಿಯ ಜೊತೆ ನುಂಗಬೇಡಿ, ಮೈಗೆ ಹಿಡಿಯುವುದಿಲ್ಲ. ಎರಡು ಗಂಟೆ ಅಂತರವಿರಲಿ. ನಾನು ನಿಂಬೆರಸದ ಜೊತೆ ತೆಗೆದುಕೊಳ್ಳುತ್ತಿದ್ದೆ. ಮಲ ಕಪ್ಪಾದರೆ ಗಾಬರಿ ಬೇಡ. ರಕ್ತ ಸರಿಯಾಯಿತೆಂದು ನಿಲ್ಲಿಸದೆ, ಆಮೇಲೂ ಮೂರು ತಿಂಗಳು ನುಂಗಲು ನನಗೆ ಹೇಳಿದ್ದರು. ಕೊಡವರ ಕಕ್ಕಡ ತಿಂಗಳ 18ರಂದು ಮಾಡುವ ಮದ್ದುಸೊಪ್ಪಿನ ಪಾಯಸವನ್ನು ನಾನು ತಪ್ಪಿಸುವವಳಲ್ಲ, ಆದರೆ ಈ ರಕ್ತಕ್ಕೆ ಅದನ್ನು ನಂಬಿ ಕೂರಬೇಡಿ.

ಕೇಳಿದವರು, ಸೋಮವಾರಪೇಟೆ

ನಿನ್ನೆ ಎಣಿಸಿದೆ. ಹಗಲು ಏಳು, ರಾತ್ರಿ ಮೂರು. ಅಕ್ಕ ಬರೆದ ಹಸಿ ಅಕ್ಕಿಯ ವಿಷಯ ಓದಿ ಕೈ ನಡುಗಿತು, ನಾನೂ ತಿನ್ನುತ್ತಿದ್ದೇನೆ. ಅತ್ತೆಯವರಿಗೂ ಓದಿ ಹೇಳಿದೆ. ಕಣ ತಾವೇ ನೋಡಿಕೊಳ್ಳುತ್ತಾರಂತೆ. ನಾಳೆ ಬೆಳಗಿನ ಬಸ್ಸಿಗೆ ನಾದಿನಿಯ ಜೊತೆ ಮಡಿಕೇರಿಗೆ ಹೊರಟಿದ್ದೇನೆ.