ಅಪ್‌ಡೇಟ್: ಪಿಪಿಎಫ್ ಹಣಕ್ಕೆ ಕೈ ಹಾಕಲಿಲ್ಲ

ಕಳೆದ ವರ್ಷ ನಿಮ್ಮನ್ನೆಲ್ಲ ಕೇಳಿದ್ದೆ: ನಾನು ಪದವಿ ಕಾಲೇಜಿನ ಅತಿಥಿ ಉಪನ್ಯಾಸಕ, ರಜೆಯಲ್ಲಿ ಸಂಬಳವಿಲ್ಲ, ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. 2017ರ ಜೂನ್‌ನಲ್ಲಿ ತೆರೆದ ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ) ಖಾತೆಯಿಂದ ಹಣ ತೆಗೆದು ಚಿನ್ನದ ಸಾಲ ತೀರಿಸಲೇ ಅಂತ.

ತೆಗೆಯಲಿಲ್ಲ. ಅಂಚೆ ಕಚೇರಿಗೆ ಹೋದಾಗಲೇ ತಿಳಿದದ್ದು, ಎರಡು ವರ್ಷ ಕನಿಷ್ಠ 500 ರೂಪಾಯಿಯನ್ನೂ ಕಟ್ಟದೆ ಖಾತೆ ನಿಂತುಹೋಗಿತ್ತು. ವರ್ಷಕ್ಕೆ 500 ಬಾಕಿ, 50 ದಂಡ, ಒಟ್ಟು 1,100 ಕಟ್ಟಿದ ಮೇಲೆ ಅದಕ್ಕೆ ಜೀವ ಬಂತು. ನಿಂತ ಖಾತೆಯಿಂದ ಭಾಗಶಃ ಹಣ ತೆಗೆಯಲೂ ಬರುವುದಿಲ್ಲ. ನನ್ನಂಥವರು ದಯವಿಟ್ಟು ಒಮ್ಮೆ ಪಾಸ್‌ಬುಕ್ ತೆಗೆದು ನೋಡಿ.

ಪಿಪಿಎಫ್ ಬಡ್ಡಿ ಶೇ. 7.1, ನನ್ನ ಸಾಲದ ಬಡ್ಡಿ ಅದಕ್ಕಿಂತ ಹೆಚ್ಚು. ತೆಗೆದು ತೀರಿಸು ಎಂದವರ ಲೆಕ್ಕ ತಪ್ಪಲ್ಲ. ಆದರೆ ನನಗೆ ಪಿಂಚಣಿಯೂ ಇಲ್ಲ, ಕೆಲಸದ ಕಡೆಯಿಂದ ಪಿಎಫ್ಫೂ ಇಲ್ಲ. ಒಮ್ಮೆ ತೆಗೆದರೆ ಮತ್ತೆ ತುಂಬುತ್ತೇನೆಂಬ ಧೈರ್ಯವಿರಲಿಲ್ಲ. ಮನೆಪಾಠದ ಹಣ, ಮೌಲ್ಯಮಾಪನದ ಹಣ ಎಲ್ಲ ಸಾಲಕ್ಕೇ ಹೋಯಿತು. ಫೆಬ್ರವರಿಯಲ್ಲಿ ಬಳೆ ಬಿಡಿಸಿಕೊಂಡು ಬಂದೆವು. ನನ್ನ ಹೆಂಡತಿ ಅವತ್ತೇ ಹಾಕಿಕೊಂಡಳು.

ಈಗ ಮೂರು ತಿಂಗಳ ಬಾಡಿಗೆ, ದಿನಸಿಯ ಹಣ ಬೇರೆ ಖಾತೆಯಲ್ಲಿದೆ. ಸಂಬಳ ಬಂದ ತಿಂಗಳು 5ನೇ ತಾರೀಖಿನೊಳಗೆ ಪಿಪಿಎಫ್‌ಗೆ 2,000 (ತಡವಾದರೆ ಆ ಮೊತ್ತಕ್ಕೆ ಆ ತಿಂಗಳ ಬಡ್ಡಿ ಸಿಗುವುದಿಲ್ಲ), ಬಾರದ ತಿಂಗಳು ಏನೂ ಇಲ್ಲ. ಖಾತೆಯ ಅವಧಿ ಮುಗಿಯುವುದು 2033ರ ಏಪ್ರಿಲ್‌ಗೆ. ಆಗ ನನಗೆ 52. ಮತ್ತೆ ಐದು ವರ್ಷ ಮುಂದುವರಿಸುವ ಯೋಚನೆಯಿದೆ. ಅತಿಥಿ ಉಪನ್ಯಾಸಕರ ಆಯ್ಕೆಗೆ ಈ ವರ್ಷದ ಕೌನ್ಸೆಲಿಂಗ್ ಇನ್ನೂ ಆಗಿಲ್ಲ.