ಅಪ್‌ಡೇಟ್: ಉಲ್ಲನ್ ಗೌರಿ ಹೂವಿನ ಎಸಳು ಈಗ ಬಾಗಿ ನಿಂತಿದೆ

ಕ್ರೋಶಾದಲ್ಲಿ (ಕೊಕ್ಕೆ ಕಡ್ಡಿಯ ಹೆಣಿಗೆ) ಹಾಕಿದ ಗೌರಿ ಹೂವಿನ ಎಸಳು ಹಿಂದಕ್ಕೆ ಬಾಗದೆ ಜೋತು ಬೀಳುತ್ತೆ ಅಂತ ಕೇಳಿದ್ದೆನಲ್ಲ, ಸರಿಹೋಯ್ತು. ಅಂಚಿಗೆ ತಂತಿ ಸೇರಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್. 26 ಗೇಜ್‌ನ ತೆಳು ತಂತಿಯನ್ನು ಎಸಳಿನ ಅಂಚಿಗೆ ಹಿಡಿದು, ಅದರ ಮೇಲೆಯೇ ಸಿಂಗಲ್ ಕ್ರೋಶಾ (ಕ್ರೋಶಾದ ಸರಳವಾದ ಗಿಡ್ಡ ಸ್ಟಿಚ್) ಹಾಕಿಕೊಂಡು ಹೋಗಬೇಕು. ಬುಡದಲ್ಲಿ ಎರಡೂ ತುದಿ 5 ಸೆಂ.ಮೀ. ಬಿಟ್ಟರೆ ತೊಟ್ಟಿಗೆ ಸುತ್ತಲು ಸಾಕು.

ಎಸಳು ಗಟ್ಟಿಯಾಗಲಿ ಅಂತ ಹಾಕಿದ ಗಂಜಿ ಕೆಲಸಕ್ಕೆ ಬರಲಿಲ್ಲ. ಉಲ್ಲನ್ ಅಂತ ಮಾರುವ ಅಕ್ರಿಲಿಕ್ (ಸಿಂಥೆಟಿಕ್) ನೂಲು ಅದನ್ನು ಅಷ್ಟಾಗಿ ಹೀರುವುದಿಲ್ಲ, ಹತ್ತಿ ನೂಲಾದರೆ ಹಿಡಿಯುತ್ತೆ. ಸಣ್ಣ ಕಡ್ಡಿಯಿಂದ ಹೆಣಿಗೆ ಬಿಗಿಯಾಯಿತೇ ಹೊರತು ಬಾಗು ಬರಲಿಲ್ಲ. ಅಲೆಯಂಚಿಗೆ ಪ್ರತಿ ಸ್ಟಿಚ್ಚಿಗೂ ಎರಡೆರಡು ಹಾಕಿದರೆ ಎಸಳು ಸುರುಳಿ ಸುತ್ತುತ್ತೆ. ಒಂದು ಬಿಟ್ಟು ಒಂದಕ್ಕೆ ಹಾಕಿ.

ಬೇಲಿಯಲ್ಲಿ ಅರಳಿದ ನಿಜವಾದ ಗೌರಿ ಹೂ ನೋಡಿದಾಗ ಗೊತ್ತಾಗಿದ್ದು: ಹೂವಿನ ಮುಖ ಕೆಳಕ್ಕೆ, ಆರೂ ಎಸಳು ಮೇಲಕ್ಕೆ. ಹೊಸದಾಗಿ ಅರಳಿದ್ದು ಹಳದಿ-ಹಸಿರು, ಆಮೇಲೆ ಕೆಂಪೇರುತ್ತೆ. ಹಾಗಾಗಿ ಒಂದೇ ಬಳ್ಳಿಗೆ ಎರಡೂ ಬಣ್ಣದ ಹೂ ಪೋಣಿಸಿ, ನಿಜವಾದ ಬಳ್ಳಿಯಂತೆಯೇ ಕಾಣುತ್ತೆ.